ಜರ್ಮನಿಗೆ ಹೋದ ನನ್ನ ಕೆಂಪು ಗೆರೆ

ರಾಮನಗರ, ಕಾಲೇಜಿನ ಗೇಟು

ನಾನು ಜರ್ಮನಿಗೆ ಹೊರಡುವ ಎಂಟು ದಿನ ಮೊದಲೇ ನನ್ನ ಫೋಟೋ ಹೆದ್ದಾರಿಗೆ ಬಂದು ನಿಂತಿತ್ತು. ಕಾಲೇಜಿನ ಗೇಟಿಗೆ ಅಡ್ಡಲಾಗಿ ಕಟ್ಟಿದ ಫ್ಲೆಕ್ಸಿನಲ್ಲಿ ಎಡಕ್ಕೆ ಪ್ರಿನ್ಸಿಪಾಲರು, ಬಲಕ್ಕೆ ಆಡಳಿತ ಮಂಡಳಿಯ ಅಧ್ಯಕ್ಷರು, ನಡುವೆ ಅವರ ಅರ್ಧದಷ್ಟು ಗಾತ್ರದಲ್ಲಿ ನಾನು. ಕೆಳಗೆ ‘ಲೇಸರ್ ಲೋಕದ ಧ್ರುವತಾರೆಗೆ ಹಾರ್ದಿಕ ಅಭಿನಂದನೆಗಳು’ ಎಂದು ಬರೆದಿತ್ತು. ಹಿಂದೆ ಐಫೆಲ್ ಗೋಪುರ. ಅದು ಜರ್ಮನಿಯಲ್ಲಿಲ್ಲ ಎಂದು ಪ್ರಿನ್ಸಿಪಾಲರಿಗೆ ಹೇಳಿದೆ. ‘ಫಾರಿನ್ ಅಂತ ಗೊತ್ತಾದ್ರೆ ಸಾಕು ಮೇಡಂ’ ಎಂದರು.

ನಾನು ಮಾಗಡಿಯವಳು. ಇಪ್ಪತ್ತು ವರ್ಷದಿಂದ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತಿದ್ದೇನೆ. ನಲವತ್ತೇಳನೇ ವಯಸ್ಸಿನಲ್ಲಿ ಪಿಎಚ್.ಡಿ. ಮುಗಿಸಿಯೇ ತೀರುತ್ತೇನೆಂಬ ಹಟಕ್ಕೆ ಬಿದ್ದಿದ್ದೇನೆ. ನನ್ನ ವಿಷಯ ಕೇಳಿದ ನೆಂಟರು ಮಾತು ಬದಲಾಯಿಸುವುದು ರೂಢಿ, ಆದ್ದರಿಂದ ಚಿಕ್ಕದಾಗಿ ಹೇಳುತ್ತೇನೆ. ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್ಕಿನ ಮೇಲೆ ಲೇಸರ್ ಬೆಳಕನ್ನು ಮಿಟುಕಿಸಿ ಮಿಟುಕಿಸಿ ಬಿಟ್ಟರೆ ಕೂದಲೆಳೆಯಷ್ಟು ಸಣ್ಣ ಕಾಲುವೆ ಕೊರೆಯಬಹುದು. ರಕ್ತ ಪರೀಕ್ಷೆಯ ಪುಟ್ಟ ಬಿಲ್ಲೆಗಳಲ್ಲಿ ಹನಿ ಹರಿಯುವುದು ಇಂಥ ಕಾಲುವೆಯಲ್ಲೇ. ಅದರ ತಳ ಬಟ್ಟಲಿನ ಹಾಗೆ ನುಣ್ಣಗಿರುತ್ತದೋ, ಉಬ್ಬು ತಗ್ಗಾಗಿರುತ್ತದೋ ಎಂಬುದು ಕೊರೆದು ನೋಡುವವರೆಗೆ ಗೊತ್ತಾಗುವುದಿಲ್ಲ. ಎಲ್ಲರೂ ಕೊರೆಯುತ್ತಾರೆ, ನೋಡುತ್ತಾರೆ, ಬಿಸಾಕುತ್ತಾರೆ, ಮತ್ತೆ ಕೊರೆಯುತ್ತಾರೆ. ಕೊರೆಯುವ ಮೊದಲೇ ತಳದ ಆಕಾರ ಹೇಳುವ ಸೂತ್ರವೊಂದನ್ನು ನಾನು ಬರೆದಿದ್ದೆ.

ಕಂಪ್ಯೂಟರಿನಲ್ಲಿ ನನ್ನ ಸೂತ್ರ ಹೇಳಿದ ಆಕಾರಕ್ಕೆ ಕೆಂಪು ಗೆರೆ, ನಿಜವಾಗಿ ಕೊರೆದು ಅಳೆದದ್ದಕ್ಕೆ ಕಪ್ಪು ಗೆರೆ. ನಮ್ಮ ಲ್ಯಾಬಿನಲ್ಲಿ ಕೊರೆದ ತುಂಡುಗಳಲ್ಲೆಲ್ಲ ಆ ಎರಡು ಗೆರೆಗಳು ಒಂದರ ಮೇಲೊಂದು ಕೂತಿದ್ದವು. ಆ ಚಿತ್ರ ನೋಡಿಯೇ ಜರ್ಮನಿಯ ಒಂದು ಲ್ಯಾಬು ನನ್ನನ್ನು ಎರಡು ವಾರಕ್ಕೆ ಕರೆಸಿಕೊಂಡಿತ್ತು. ಅವರ ಯಂತ್ರದಲ್ಲೂ ಗೆರೆಗಳು ಕೂಡಿದರೆ ಜಂಟಿಯಾಗಿ ಪೇಪರು ಬರೆಯುವುದು, ನನಗೆ ಡಾಕ್ಟರೇಟು. ಕೂಡದಿದ್ದರೆ ಏನೆಂದು ಯಾರೂ ಹೇಳಿರಲಿಲ್ಲ. ಗೇಟಿನ ಮೇಲೆ ಫ್ಲೆಕ್ಸ್ ಕಟ್ಟಿದ ಮೇಲೆ ಅದನ್ನು ಕೇಳುವ ಹಾಗೂ ಇರಲಿಲ್ಲ.

ಹೊರಡುವ ಹಿಂದಿನ ದಿನ ನಮ್ಮ ಲ್ಯಾಬಿನ ಟೆಕ್ನಿಷಿಯನ್ ಭದ್ರಣ್ಣ ಬಂದರು. ಚನ್ನಪಟ್ಟಣದವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೊದಲು ಬೊಂಬೆ ಕಾರ್ಖಾನೆಯಲ್ಲಿ ಮರ ತಿರುಗಿಸಿ ಅರಗಿನ ಬಣ್ಣ ಹಿಡಿಸುತ್ತಿದ್ದವರು. ಈಗಲೂ ಯಾವ ಮೇಲ್ಮೈ ಸಿಕ್ಕಿದರೂ ಹೆಬ್ಬೆರಳಿನ ಉಗುರು ಎಳೆದು ನೋಡಿ, ‘ಇಲ್ಲಿ ಒಸಿ ತಗ್ಗೈತೆ’ ಎನ್ನುತ್ತಾರೆ. ಅಳೆಯುವ ಯಂತ್ರ ಅರ್ಧ ಗಂಟೆ ಗುಂಯ್‌ಗುಟ್ಟಿ ಅದನ್ನೇ ಹೇಳುತ್ತದೆ.

‘ಮೇಡಮ್ನೋರೆ, ನಮ್ ತುಂಡು ಒಂದ್ ಮಡಿಕ್ಕಂಡ್ ಹೋಗಿ. ಅವ್ರ್ ಪ್ಲಾಸ್ಟಿಕ್ ಎಂಗಿರ್ತದೋ ಏನೋ’ ಎಂದರು.

‘ಪ್ಲಾಸ್ಟಿಕ್ ಎಲ್ಲಾದ್ರೂ ಪ್ಲಾಸ್ಟಿಕ್ಕೇ ಭದ್ರಣ್ಣ’ ಎಂದು ನಕ್ಕೆ. ಅವರಿಗೆ ಬೇಜಾರಾಗಬಾರದೆಂದು ಇನ್ನೂ ಕೊರೆಯದ ಒಂದು ತುಂಡನ್ನು ಸೀರೆಗಳ ನಡುವೆ ಇಟ್ಟುಕೊಂಡೆ. ಅದರ ಪಕ್ಕದಲ್ಲೇ ಹುಳಿಪುಡಿ, ಚಟ್ನಿಪುಡಿ, ಅರಿಸಿನದ ಪೊಟ್ಟಣಗಳೂ ಇದ್ದವು.

ಫ್ರಾಂಕ್‌ಫರ್ಟಿನಿಂದ ಮುಂದಕ್ಕೆ

ಜರ್ಮನಿಯ ರೈಲು ನೋಡಿ ಗಡಿಯಾರ ಸರಿ ಮಾಡಿಕೊಳ್ಳಬಹುದು ಎಂದು ನನಗೆ ಪಾಠ ಹೇಳಿದವರೆಲ್ಲ ಹೇಳಿದ್ದರು. ಅವರಲ್ಲಿ ಯಾರೂ ಅಲ್ಲಿ ರೈಲು ಹತ್ತಿರಲಿಲ್ಲ ಎಂದು ಕಾಣುತ್ತದೆ. ನನ್ನ ರೈಲು ಮೊದಲು ಇಪ್ಪತ್ತು ನಿಮಿಷ ತಡ ಎಂದರು, ಆಮೇಲೆ ಐವತ್ತು ಎಂದರು, ಆಮೇಲೆ ಬೇರೆ ಪ್ಲಾಟ್‌ಫಾರಮ್ಮು ಎಂದರು. ಇನ್ನೂರು ಜನ ಒಂದು ಮಾತೂ ಆಡದೆ ಪೆಟ್ಟಿಗೆ ಎಳೆದುಕೊಂಡು ಮೆಟ್ಟಿಲಿಳಿದು ಮೆಟ್ಟಿಲು ಹತ್ತಿದರು. ಯಾರೂ ಬೈಯಲಿಲ್ಲ, ಗೊಣಗಲಿಲ್ಲ, ಪಕ್ಕದವರ ಮುಖವನ್ನೂ ನೋಡಲಿಲ್ಲ.

ನಮ್ಮ ಚನ್ನಪಟ್ಟಣದ ಸ್ಟೇಷನ್ನಿನಲ್ಲಿ ರೈಲು ಅರ್ಧ ಗಂಟೆ ತಡವಾದರೆ ಎಲ್ಲರೂ ಸೇರಿ ರೈಲ್ವೆಯನ್ನು ಬೈದು, ಬೈಯುತ್ತಲೇ ಪರಿಚಯವಾಗಿ, ರೈಲು ಬರುವಷ್ಟರಲ್ಲಿ ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂಬುದೂ ಗೊತ್ತಾಗಿರುತ್ತದೆ. ಅಲ್ಲಿ ಐವತ್ತು ನಿಮಿಷ ನಿಂತರೂ ನನಗೆ ಒಬ್ಬರ ಊರೂ ಗೊತ್ತಾಗಲಿಲ್ಲ. ತಡವಾಗುವುದರಲ್ಲಿ ಅವರು ನಮ್ಮ ಸಮ ಬಂದಿದ್ದಾರೆ, ಅದನ್ನು ಸಾರ್ಥಕ ಮಾಡಿಕೊಳ್ಳುವುದು ಇನ್ನೂ ಕಲಿಯಬೇಕು.

ನಾನು ಉಳಿದದ್ದು ಲ್ಯಾಬಿಗೆ ಹತ್ತಿರದ ಒಂದು ಮನೆಯ ಮೇಲಿನ ಕೋಣೆಯಲ್ಲಿ. ಮನೆಯೊಡತಿ ಹೆಲ್ಗಾ, ಎಪ್ಪತ್ತು ದಾಟಿದ ಎತ್ತರದ ಹೆಂಗಸು. ಬಂದ ಕೂಡಲೇ ನೀರು ಕೊಡುತ್ತಾರೆಂದು ಕಾದೆ. ಅವರು ಕಸದ ಡಬ್ಬಗಳನ್ನು ತೋರಿಸಿದರು. ಕಾಗದಕ್ಕೆ ಒಂದು, ಪ್ಲಾಸ್ಟಿಕ್ಕಿಗೆ ಒಂದು, ತರಕಾರಿ ಸಿಪ್ಪೆಗೆ ಒಂದು, ಮಿಕ್ಕಿದ್ದಕ್ಕೆ ಒಂದು. ಟೀ ಚೀಲ ಎಸೆಯಬೇಕಾದರೆ ದಾರ ಬೇರೆ, ಚೀಟಿ ಬೇರೆ, ಸೊಪ್ಪು ಬೇರೆ. ಅಡುಗೆಮನೆಯನ್ನು ನಾನೂ ಬಳಸಬಹುದು, ಇದ್ದ ಹಾಗೆ ಬಿಡಬೇಕು ಎಂದು ಎರಡು ಸಲ ಹೇಳಿದರು.

ಮೊದಲ ಸೋಮವಾರ

ಲ್ಯಾಬಿನ ಮುಖ್ಯಸ್ಥೆ ಡಾಕ್ಟರ್ ಉಲ್ರಿಕೆ, ನನ್ನದೇ ವಯಸ್ಸಿನವರು. ನಮ್ಮಲ್ಲಾದರೆ ಆ ಹುದ್ದೆಗೆ ಕೋಣೆ, ಕೋಣೆಗೆ ಪರದೆ, ಪರದೆಯಾಚೆ ಒಬ್ಬ ಅಟೆಂಡರು ಇರಬೇಕು. ಈಕೆ ಸೈಕಲ್ಲಿನಲ್ಲಿ ಬಂದು, ತಾನೇ ಕಾಫಿ ಮಾಡಿಕೊಂಡು, ಹೊರಗೆ ಮೈ ಕೊರೆಯುವ ಚಳಿಯಿದ್ದರೂ ಕಿಟಕಿಗಳನ್ನೆಲ್ಲ ತೆರೆದು, ‘ಗಾಳಿ ಬರಲಿ’ ಎಂದರು. ಗಾಳಿ ಬಂತು. ನಾನು ಸೀರೆಯ ಮೇಲೆ ಕೋಟು, ಕೋಟಿನ ಮೇಲೆ ಶಾಲು ಹೊದ್ದು ನನ್ನ ಭಾಷಣಕ್ಕೆ ನಿಂತೆ.

ಚೆನ್ನಾಗಿಯೇ ಮಾತಾಡಿದೆ ಅನ್ನಿಸಿತು. ಕೆಂಪು ಗೆರೆ, ಕಪ್ಪು ಗೆರೆ ತೋರಿಸಿದೆ. ಕೊನೆಯ ಚಿತ್ರದಲ್ಲಿ ಪದ್ಧತಿಯಂತೆ ಕೃತಜ್ಞತೆ: ಅಧ್ಯಕ್ಷರು, ಕಾರ್ಯದರ್ಶಿಗಳು, ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಉಪಮುಖ್ಯಸ್ಥರು. ‘ಧನ್ಯವಾದ’ ಎಂದು ತಲೆ ಬಾಗಿಸಿದೆ.

ಕೂತಿದ್ದವರೆಲ್ಲ ಮುಷ್ಟಿ ಕಟ್ಟಿ ಟೇಬಲ್ ಕುಟ್ಟತೊಡಗಿದರು. ಒಬ್ಬರೂ ನಗುತ್ತಿರಲಿಲ್ಲ. ನಮ್ಮ ಕ್ಲಾಸಿನಲ್ಲಿ ಹುಡುಗರು ಡೆಸ್ಕ್ ಕುಟ್ಟಿದರೆ ಪಾಠ ನಿಲ್ಲಿಸಿ, ಹೊರಗೆ ನಡೀರಿ ಎಂದು ಅರ್ಥ. ಹೊತ್ತು ಮೀರಿ ಮಾತಾಡಿದೆನೋ, ಏನಾದರೂ ತಪ್ಪು ಹೇಳಿದೆನೋ ಎಂದು ಗಾಬರಿಯಾಗಿ ಲ್ಯಾಪ್‌ಟಾಪ್ ಮುಚ್ಚಿ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ವೈರುಗಳನ್ನು ಕೀಳತೊಡಗಿದೆ. ನಾನು ವೈರು ಕಿತ್ತಷ್ಟೂ ಅವರು ಜೋರಾಗಿ ಕುಟ್ಟಿದರು. ಉಲ್ರಿಕೆ ಬಂದು ಕೈ ಹಿಡಿದುಕೊಂಡು, ಇಲ್ಲಿ ಚಪ್ಪಾಳೆಯೆಂದರೆ ಇದೇ ಎಂದು ಹೇಳಿದ ಮೇಲೆ ವೈರು ಕೀಳುವುದನ್ನು ನಿಲ್ಲಿಸಿದೆ.

ಮಂಗಳವಾರದಿಂದ ಶುಕ್ರವಾರ

ಮಂಗಳವಾರ ಅವರ ಹೊಸ ಅಕ್ರಿಲಿಕ್ ಹಾಳೆಯ ಮೇಲೆ ಕೊರೆದೆವು. ನನ್ನ ಕೆಂಪು ಗೆರೆ ಚಂದದ ಬಟ್ಟಲಿನ ಹಾಗೆ ಆಳಕ್ಕೆ ಇಳಿದಿತ್ತು. ಅಳೆದು ಬಂದ ಕಪ್ಪು ಗೆರೆ ಮೇಲೆಯೇ ಎಲ್ಲೋ ಅಡ್ಡಾದಿಡ್ಡಿ ತೆವಳುತ್ತಿತ್ತು. ಯಂತ್ರ ಸರಿಯಿಲ್ಲ ಎಂದೆ. ಅವರು ಮರು ಮಾತಾಡದೆ ಯಂತ್ರ ಪರೀಕ್ಷಿಸಿ, ಸರಿಯಿದೆ ಎಂದು ಚೀಟಿ ಕೊಟ್ಟರು. ಬುಧವಾರ ಬೆಳಕಿನ ಬಲ ಹೆಚ್ಚಿಸಿದೆವು. ಗುರುವಾರ ವೇಗ ತಗ್ಗಿಸಿದೆವು. ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ.

ಮೂರು ದಿನ ಯಾರೂ ನನಗೆ ಒಂದು ಕೊಂಕು ಮಾತೂ ಆಡಲಿಲ್ಲ. ಅದೇ ನನಗೆ ಹಿಂಸೆಯಾಯಿತು. ನಮ್ಮ ಕಾಲೇಜಿನಲ್ಲಾದರೆ ಬುಧವಾರದ ಹೊತ್ತಿಗೆ ಸ್ಟಾಫ್ ರೂಮಿನಲ್ಲಿ ನನ್ನ ಸೂತ್ರಕ್ಕೊಂದು ಅಡ್ಡಹೆಸರು ಹುಟ್ಟಿರುತ್ತಿತ್ತು, ಯಾರ ಜೊತೆ ಜಗಳ ಆಡಬೇಕೆಂದಾದರೂ ತಿಳಿಯುತ್ತಿತ್ತು. ಇವರು ದಿನಾ ಸಂಜೆ ‘ಕುತೂಹಲಕಾರಿಯಾಗಿದೆ’ ಎಂದು ಹೇಳಿ ಸೈಕಲ್ ಹತ್ತಿ ಹೋಗುತ್ತಿದ್ದರು. ಗೇಟಿನ ಮೇಲಿನ ಫೋಟೋ ನೆನಪಾಗಿ ನನಗೆ ಊಟ ಸೇರುತ್ತಿರಲಿಲ್ಲ.

ಶುಕ್ರವಾರ ಭದ್ರಣ್ಣ ಕೊಟ್ಟ ತುಂಡು ನೆನಪಾಯಿತು. ತಂದು ಯಂತ್ರದ ಕಪ್ಪು ಹಾಸಿನ ಮೇಲೆ ಇಟ್ಟು, ಕೊರೆದು ಅಳೆದೆವು. ಕಪ್ಪು ಗೆರೆ ಬಂದು ಕೆಂಪಿನ ಮೇಲೆ ಕೂತಿತು. ಕೂತಿತೆಂದರೆ, ಯಾವುದು ಯಾವುದೆಂದು ಬೇರೆ ಮಾಡಲಾಗದ ಹಾಗೆ. ನನಗೆ ಕಣ್ಣಲ್ಲಿ ನೀರು ಬಂತು. ‘ನಮ್ಮ ಪ್ಲಾಸ್ಟಿಕ್ಕೇ ಬೇರೆ’ ಎಂದು ಜಂಬದಿಂದ ಹೇಳಿದೆ. ಪ್ಲಾಸ್ಟಿಕ್ ಎಲ್ಲಾದರೂ ಪ್ಲಾಸ್ಟಿಕ್ಕೇ ಎಂದಿದ್ದವಳು ಬೇರೆ ಯಾರೋ ಅನ್ನುವ ಹಾಗೆ.

ಉಲ್ರಿಕೆ ನಮ್ಮ ಹಾಳೆಯ ವಿವರ ಕೇಳಿ, ತಮ್ಮ ಕಪಾಟಿನ ಹಾಳೆಯ ವಿವರ ಪಕ್ಕಕ್ಕಿಟ್ಟು ನೋಡಿದರು. ಒಂದೇ ಕಾರ್ಖಾನೆ, ಒಂದೇ ದರ್ಜೆ. ‘ಎರಡೂ ಒಂದೇ ಪ್ಲಾಸ್ಟಿಕ್. ಯಾಕೆ ಹೀಗಾಯಿತೆಂದು ಸೋಮವಾರ ಹೇಳುತ್ತೀರಾ?’ ಎಂದರು. ಬಹಳ ಮರ್ಯಾದೆಯಿಂದ ಕೇಳಿದರು.

ಭಾನುವಾರ, ಹೆಲ್ಗಾ ಅವರ ಅಡುಗೆಮನೆ

ಭಾನುವಾರ ಆ ಊರಿನಲ್ಲಿ ಸದ್ದು ಮಾಡುವಂತಿಲ್ಲ. ಬಟ್ಟೆ ಒಗೆಯುವ ಯಂತ್ರ ಹಾಕುವಂತಿಲ್ಲ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಯೋಚನೆ ಮಾಡಲು ಅಡ್ಡಿಯಿಲ್ಲ. ಹಿಂದಿನ ದಿನ ನಾನು ಮಾಡಿದ ಚಿತ್ರಾನ್ನದ ಮಿಕ್ಕದ್ದನ್ನು ಮುಂದಿಟ್ಟುಕೊಂಡು ಕೂತಿದ್ದೆ.

ಹೆಲ್ಗಾ ಬಂದು ತರಕಾರಿ ಹೆಚ್ಚುವ ಬಿಳಿ ಪ್ಲಾಸ್ಟಿಕ್ ಮಣೆಯನ್ನು ಮೇಜಿನ ಮೇಲಿಟ್ಟರು. ಅದು ಪೂರಾ ಹಳದಿಯಾಗಿತ್ತು. ಕೊಲೆಯಾದ ಜಾಗ ತೋರಿಸುವ ಪೊಲೀಸಿನವರ ಹಾಗೆ ಬೆರಳು ಮಾಡಿ ತೋರಿಸಿದರು. ಶನಿವಾರ ಸಂಜೆ ಅದರ ಮೂಲೆಯಲ್ಲಿ ಉಗುರಿನಷ್ಟು ಕಲೆ ಇತ್ತಂತೆ. ಸೋಪಿಗೆ ಹೋಗಲಿಲ್ಲವಂತೆ. ಕಿಟಕಿ ಒರೆಸುವ ಸ್ಪಿರಿಟ್ಟು ಹಾಕಿ ಉಜ್ಜಿದರಂತೆ. ಉಗುರಿನಷ್ಟಿದ್ದದ್ದು ಮಣೆಯುದ್ದಕ್ಕೂ ಹರಡಿತಂತೆ.

‘ಇದು ಏನು?’ ಎಂದರು.

‘ಅರಿಸಿನ’ ಎಂದೆ. ಹಾಗೆಂದು ಹೇಳುತ್ತಿರುವಾಗಲೇ ನಮ್ಮ ಲ್ಯಾಬಿನ ಆಯುಧ ಪೂಜೆ ನೆನಪಾಯಿತು. ಕೋಣೆಗೆ ಓಡಿ ಭದ್ರಣ್ಣನ ತುಂಡು ತಂದು, ಹೆಲ್ಗಾ ಅವರ ಬಿಳಿ ತಟ್ಟೆಯ ಮೇಲಿಟ್ಟು, ಕಿಟಕಿಯ ಬೆಳಕಿಗೆ ಹಿಡಿದೆ. ತಿಳಿ ಹಳದಿ. ಇದ್ದೂ ಇಲ್ಲದಂಥ ಹಳದಿ. ಯಂತ್ರಗಳ ಕಪ್ಪು ಹಾಸಿನ ಮೇಲೆ ಅಲ್ಲೂ ಇಲ್ಲೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಊರಿಗೆ ಫೋನು ಹಚ್ಚಿದೆ.

‘ಭದ್ರಣ್ಣ, ಮೂರ್ ವರ್ಷದ ಹಿಂದೆ ಆಯುಧ ಪೂಜೆ ದಿವ್ಸ ಆ ಅಕ್ರಿಲಿಕ್ ತುಂಡುಗಳಿಗೇನಾದ್ರೂ ಅರಿಸಿನ ಇಟ್ಟಿದ್ರಾ?’

‘ಇಟ್ಟಿದ್ನಲ್ಲ. ಮಿಷಿನ್‌ಗಿಟ್ಟು ತುಂಡ್‌ಗಿಡ್ದೆ ಇರಕಾಯ್ತದಾ? ಎಲ್ಲಕ್ಕೂ ಒಂದೊಂದ್ ಬೊಟ್ಟು ಇಟ್ಟಿದ್ದೆ.’

‘ಎಲ್ಲಕ್ಕೂನಾ?’

‘ಒಂದ್ಕಿಟ್ಟು ಇನ್ನೊಂದ್ಕೆ ಬುಟ್ರೆ ಚೆಂದ್ವಾ ಮೇಡಮ್ನೋರೆ? ಮಾರ್ನೆ ದಿನ ನೀವೇ ಬೈದ್ರಿ, ಸ್ಯಾಂಪಲ್ ಎಲ್ಲ ಗಲೀಜ್ ಮಾಡ್ಬುಟ್ರಿ, ಸ್ಪಿರಿಟ್ ಹಾಕಿ ಒರ್ಸಿ ಅಂತ. ಒಂದೇ ಬಟ್ಟೇಲಿ ಎಲ್ಲಾನೂ ಒರಸ್ದೆ.’

‘ಹಳದಿ ಹೋಯ್ತಾ?’

‘ಬೊಟ್ಟು ಹೋಯ್ತು. ಹಳದಿ ಒಸಿ ಹಂಗೇ ಉಳ್ಕತ್ತು. ಬೊಂಬೆಗೂ ಹಳದಿಗೆ ಅದ್ನೇ ಹಾಕ್ತಿದ್ವಿ, ಅಷ್ಟ್ ಸುಲಭುಕ್ಕೆ ಎಲ್ಲೋದದು? ಹೇಳವಾ ಅಂದ್ಕಂಡೆ. ನೀವು ಅವತ್ತು ಬಲೇ ಸಿಟ್ನಲ್ಲಿದ್ರಿ.’

ಫೋನಿಟ್ಟು ಕೂತೆ. ನಮ್ಮ ಲೇಸರಿನ ಬೆಳಕು ಶುದ್ಧ ಅಕ್ರಿಲಿಕ್ಕಿನಲ್ಲಿ ನಿಲ್ಲದೆ ಹಾದು ಹೋಗುತ್ತದೆ. ಅರಿಸಿನ ಅದನ್ನು ಮೇಲೆಯೇ ಹಿಡಿದು ನಿಲ್ಲಿಸುತ್ತದೆ, ನಿಂತ ಬೆಳಕು ಕಚ್ಚಿಕೊಂಡು ನುಣ್ಣಗೆ ಕೊರೆಯುತ್ತ ಇಳಿಯುತ್ತದೆ. ಪ್ಲಾಸ್ಟಿಕ್ ಎಷ್ಟು ಬೆಳಕು ಕುಡಿಯುತ್ತದೆ ಎಂಬ ಅಂಕಿಯನ್ನು ನಾನು ಸೂತ್ರಕ್ಕೆ ತೆಗೆದುಕೊಂಡದ್ದೂ ಅದೇ ತುಂಡುಗಳಿಂದ. ನಾನು ಮೂರು ವರ್ಷ ಅಳೆದದ್ದು ಅರಿಸಿನವನ್ನು. ಅದನ್ನು ಹಾಳೆಯ ಉದ್ದಗಲಕ್ಕೂ ಹರಡಿಸಿದ್ದು ಭದ್ರಣ್ಣನ ಭಕ್ತಿ ಅಲ್ಲ, ನನ್ನ ಶುಚಿತ್ವದ ಗದರಿಕೆ. 

ಹೆಲ್ಗಾಗೆ ಹೊಸ ಮಣೆ ಕೊಡಿಸುತ್ತೇನೆಂದೆ. ಹಳೆಯದನ್ನು ಯಾವ ಡಬ್ಬಕ್ಕೆ ಹಾಕಬೇಕೆಂಬುದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಎರಡನೇ ವಾರ

ಸೋಮವಾರ ಲ್ಯಾಬಿಗೆ ಬೇಗ ಹೋಗಿ, ಅವರ ಹಾಳೆಗೆ ನನ್ನ ಪೊಟ್ಟಣದ ಅರಿಸಿನವನ್ನು ಸ್ಪಿರಿಟ್ಟಿನಲ್ಲಿ ಕಲಸಿ ಒರೆಸಿ ಕೊರೆದೆ. ಗೆರೆಗಳು ಕೂಡಿದವು. ಉಲ್ರಿಕೆ ಇನ್ನೂ ಬಂದಿರಲಿಲ್ಲ. ಒರೆಸಿದ ಬಟ್ಟೆ ನನ್ನ ಕೈಯಲ್ಲಿತ್ತು.

ಅಷ್ಟರಲ್ಲಿ ಪ್ರಿನ್ಸಿಪಾಲರ ಫೋನು ಬಂತು. ವಿಷಯ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ‘ಮೇಡಂ, ಸ್ಥಳೀಯವಾಗಿ ಸಂಸ್ಕರಿಸಿದ ಅಕ್ರಿಲಿಕ್ ಅಂತ ಬರೆದ್ಬಿಡಿ. ಸುಳ್ಳೇನಲ್ವಲ್ಲ’ ಎಂದರು. ಸುಳ್ಳೇನಲ್ಲ, ನಿಜ. ಇಪ್ಪತ್ತು ವರ್ಷದ ನೌಕರಿಯಲ್ಲಿ ಇಂಥ ನಿಜಗಳನ್ನು ನಾನೇ ಎಷ್ಟೋ ರಿಪೋರ್ಟುಗಳಲ್ಲಿ ಬರೆದಿದ್ದೇನೆ. ಆ ಬಟ್ಟೆಯನ್ನು ಬ್ಯಾಗಿಗೆ ತುರುಕಿದರೆ ಡಾಕ್ಟರೇಟು ನನ್ನದು. ಬ್ಯಾಗಿನ ಜಿಪ್ಪನ್ನು ತೆರೆದೂ ತೆರೆದೆ, ಅದನ್ನು ಮುಚ್ಚಿಡುವುದಿಲ್ಲ.

ತಡೆದದ್ದು ನನ್ನ ಸತ್ಯಸಂಧತೆಯೇನೂ ಅಲ್ಲ. ನನ್ನ ಸೂತ್ರ ನಂಬಿಕೊಂಡು ಯಾರೋ ಶುದ್ಧ ಹಾಳೆಯ ಮೇಲೆ ರಕ್ತ ಪರೀಕ್ಷೆಯ ಬಿಲ್ಲೆ ಕೊರೆಯುತ್ತಾರೆ, ತಳ ಉಬ್ಬುತಗ್ಗಾಗಿ ಹನಿ ಎಲ್ಲೋ ನಿಂತುಬಿಡುತ್ತದೆ, ಯಾರದೋ ಮನೆಯವರು ತಪ್ಪು ರಿಪೋರ್ಟು ಹಿಡಿದು ಓಡಾಡುತ್ತಾರೆ. ಆ ಚಿತ್ರ ಕಣ್ಣಿಗೆ ಕಟ್ಟಿ ಭಯವಾಯಿತು. ಉಲ್ರಿಕೆ ಸೈಕಲ್ ನಿಲ್ಲಿಸಿ ಒಳಗೆ ಬಂದಾಗ ಹಳದಿ ಬಟ್ಟೆಯನ್ನು ಅವರ ಮುಂದೆ ಹಿಡಿದು ಎಲ್ಲ ಹೇಳಿದೆ. ಯಂತ್ರಕ್ಕೆ ಯಾಕೆ ಪೂಜೆ ಎಂದು ಅವರಿಗೆ ಅರ್ಥ ಮಾಡಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು.

ಅವರು ನಗಲಿಲ್ಲ. ‘ಎಷ್ಟು ಸ್ಪಿರಿಟ್ಟಿಗೆ ಎಷ್ಟು ಅರಿಸಿನ?’ ಎಂದು ಕೇಳಿ ನೋಟ್‌ಬುಕ್ ತೆಗೆದರು. ಆಮೇಲೆ ಕೇಳಿದರು: ‘ತುಂಡುಗಳನ್ನು ಸಿದ್ಧ ಮಾಡಿದವರ ಹೆಸರೇನು? ನಿಮ್ಮ ಕೊನೆಯ ಚಿತ್ರದಲ್ಲಿದ್ದ ಐದು ಜನರಲ್ಲಿ ಅವರು ಯಾರು?’

ಆ ಐವರಲ್ಲಿ ಭದ್ರಣ್ಣ ಇರಲೇ ಇಲ್ಲ. ಲ್ಯಾಬಿಗೆ ಒಮ್ಮೆಯೂ ಕಾಲಿಡದ ಐದು ಜನರಿಗೆ ಕೈ ಮುಗಿದು, ಪ್ರತಿಯೊಂದು ತುಂಡನ್ನೂ ಕತ್ತರಿಸಿದವರನ್ನು ಮರೆತಿದ್ದೆ. ಮರೆತಿದ್ದೆ ಅನ್ನುವುದೂ ಸುಳ್ಳು. ಟೆಕ್ನಿಷಿಯನ್ ಹೆಸರು ಹಾಕಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಕೊನೆಯ ಶುಕ್ರವಾರ

ಎರಡನೇ ಭಾಷಣಕ್ಕೆ ನಿಂತಾಗ ಮೊದಲ ಚಿತ್ರದಲ್ಲೇ ಎರಡು ಗೆರೆಗಳನ್ನು ದೂರದೂರ ಇಟ್ಟು ತೋರಿಸಿದೆ. ನನ್ನ ಸೂತ್ರ ಶುದ್ಧ ಅಕ್ರಿಲಿಕ್ಕಿಗೆ ನಡೆಯುವುದಿಲ್ಲ ಎಂದೆ. ಬೊಟ್ಟು, ಬಟ್ಟೆ, ಸ್ಪಿರಿಟ್ಟು, ನನ್ನ ಬೈಗುಳ, ಹೆಲ್ಗಾ ಅವರ ಮಣೆ, ಎಲ್ಲ ಹೇಳಿದೆ. ಬಣ್ಣ ಒರೆಸಿದ ಹಾಳೆಗೆ ಮಾತ್ರ ಸೂತ್ರ ಹೊಂದುತ್ತದೆ, ಮಿಕ್ಕದ್ದನ್ನು ಮೊದಲಿನಿಂದ ಮಾಡಬೇಕು, ಇನ್ನೂ ಎರಡು ವರ್ಷವಾದರೂ ಬೇಕು ಎಂದೆ. ಕೊನೆಯ ಚಿತ್ರದಲ್ಲಿ ಒಂದೇ ಹೆಸರಿತ್ತು, ಭದ್ರಣ್ಣನದು.

ಅವರು ಟೇಬಲ್ ಕುಟ್ಟಿದರು. ತಪ್ಪು ಹೇಳಿದ್ದಾಗ ಎಷ್ಟು ಹೊತ್ತು ಕುಟ್ಟಿದ್ದರೋ ಸರಿ ಹೇಳಿದಾಗಲೂ ಅಷ್ಟೇ ಹೊತ್ತು. ಆ ಸದ್ದನ್ನು ನಂಬಿ ಉಬ್ಬುವುದರಲ್ಲಿ ಅರ್ಥವಿಲ್ಲ ಎಂದು ಗೊತ್ತಿದ್ದೂ ಖುಷಿಯಾಯಿತು. ಈ ಸಲ ನಾನು ವೈರು ಕೀಳಲಿಲ್ಲ.

ಮತ್ತೆ ರಾಮನಗರ, ಅದೇ ಗೇಟು

ಬಂದ ಮರುದಿನ ಬೆಳಗ್ಗೆ ಬಸ್ಸಿಳಿದು ನೋಡಿದರೆ ಹೊಸ ಫ್ಲೆಕ್ಸ್ ಏರುತ್ತಿತ್ತು. ‘ನಮ್ಮ ಅರಿಸಿನಕ್ಕೆ ತಲೆಬಾಗಿದ ಜರ್ಮನಿ.’ ಪ್ರಿನ್ಸಿಪಾಲರ ಮುಖ ಇನ್ನೂ ದೊಡ್ಡದಾಗಿತ್ತು, ನನ್ನದು ಅಂಚೆಚೀಟಿಯಷ್ಟಾಗಿತ್ತು. ಐಫೆಲ್ ಗೋಪುರ ಇದ್ದಲ್ಲೇ ಇತ್ತು. ಸೂತ್ರ ಸೋತದ್ದನ್ನು ನಾನು ಬಿಡಿಸಿ ಬಿಡಿಸಿ ಹೇಳಿದ್ದೆ. ಅವರು ಅದರಲ್ಲಿ ಒಂದು ಪದ ಮಾತ್ರ ಆರಿಸಿಕೊಂಡಿದ್ದರು.

ಬಿದಿರಿನ ಏಣಿಯ ಮೇಲೆ ನಿಂತು ಹಗ್ಗ ಕಟ್ಟುತ್ತಿದ್ದವರು ಭದ್ರಣ್ಣ. ನನ್ನನ್ನು ಕಂಡು ಕೈ ನಿಲ್ಲಿಸಿದರು.

‘ಮೇಡಮ್ನೋರೆ, ಒರಸಿದ್ದು ನಾನೇ ಅಂತ ಅಲ್ಲಿ ಹೇಳ್ಬುಟ್ರಾ?’

‘ಹೇಳ್ದೆ. ನಿಮ್ಮ ಹೆಸ್ರು ಹೇಳ್ದೆ.’

‘ಏನಂದ್ರು?’

‘ಏನೂ ಅನ್ಲಿಲ್ಲ. ಎಲ್ರೂ ಟೇಬಲ್ ಕುಟ್ಟಿದ್ರು.’

ಅವರ ಮುಖ ಇಳಿದುಹೋಯಿತು. ‘ಅಷ್ಟೊಂದ್ ಸಿಟ್ಟು ಬಂತಾ? ತಪ್ಪಾಯ್ತು ಮೇಡಮ್ನೋರೆ. ಗೊತ್ತಿದ್ರೆ ಇನ್ನೊಂದ್ಸಲ ಒರಸ್ತಿದ್ದೆ.’

ಸಿಟ್ಟಲ್ಲ, ಅವರ ದೇಶದಲ್ಲಿ ಚಪ್ಪಾಳೆಯೆಂದರೆ ಅದೇ ಎಂದೆ. ಅರಿಸಿನದ ಹಾಳೆಯ ಬಗ್ಗೆ ಬರೆಯಲಿರುವ ಪೇಪರಿನಲ್ಲಿ ಉಲ್ರಿಕೆಯವರದು, ನನ್ನದು, ಭದ್ರಣ್ಣನದು, ಮೂರೇ ಹೆಸರು ಎಂದೂ ಹೇಳಿದೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ತಮಾಷೆ ಮಾಡುತ್ತಿದ್ದೇನೋ ಎಂದು. ಆಮೇಲೆ ಪ್ರಿನ್ಸಿಪಾಲರ ಮೂಲೆಯ ಹಗ್ಗವನ್ನು ಬಿಟ್ಟು, ಏಣಿಯ ಬಿದಿರಿಗೆ ಗೆಣ್ಣಿನಿಂದ ಎರಡು ಸಲ ಕುಟ್ಟಿ, ‘ಹಿಂಗಾ?’ ಎಂದರು.

ನಾನು ಗೇಟಿನ ಕಬ್ಬಿಣಕ್ಕೆ ಗೆಣ್ಣು ನೋಯುವವರೆಗೆ ಕುಟ್ಟಿದೆ.